‘ಸ್ಟಾಕರ್’ ಚಿತ್ರದ ಕುರಿತ ನಿಮ್ಮ ಲೇಖನ: ಗದಗದ ಲೇಖಕರೊಬ್ಬರಿಗೆ ಪತ್ರ

ಪ್ರಿಯರೇ,

ರಷ್ಯದ ನಿರ್ದೇಶಕ ಆಂದ್ರೇಯ್ ತಾರ್ಕೋವ್‌ಸ್ಕಿಯ ‘ಸ್ಟಾಕರ್’ ಚಿತ್ರದ ಬಗ್ಗೆ ನೀವು ಗದಗದಿಂದ ಕಳಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಎರಡು ಸಾಲು ಬರೆದು ಹಿಂದಿರುಗಿಸಲು ಮನಸ್ಸು ಒಪ್ಪಲಿಲ್ಲ. ಇಂಥ ಚಿತ್ರವನ್ನು ನೋಡಿ ಕನ್ನಡದಲ್ಲಿ ಬರೆಯಲು ಕೂಡುವವರು ಕಡಿಮೆ, ಕೂತವರು ಚೆನ್ನಾಗಿ ಬರೆಯಬೇಕೆಂಬ ಆಸೆ ನನ್ನದು.

ನಿಮ್ಮ ಮೊದಲ ಪುಟಗಳಲ್ಲಿ ‘ಅದ್ಭುತ’, ‘ಮನಮೋಹಕ’, ‘ಕಾವ್ಯಾತ್ಮಕ’ ಎಂಬ ವಿಶೇಷಣಗಳು ಸಾಲುಗಟ್ಟಿವೆ, ಆದರೆ ಚಿತ್ರದ ಒಂದು ಶಾಟಾದರೂ ಓದುಗನ ಕಣ್ಣಿಗೆ ಕಟ್ಟುವುದಿಲ್ಲ. ಆಮೇಲೆ, ದೃಶ್ಯಗಳು ಇಷ್ಟು ಸುಂದರವಾಗಿರುವಾಗ ನಿಧಾನಗತಿಯನ್ನು ಸಹಿಸಿಕೊಳ್ಳಬೇಕು ಎಂದು ಓದುಗನಿಗೆ ತಿಳಿಹೇಳುತ್ತೀರಿ. ನಿಧಾನವನ್ನು ಕೊರತೆಯೆಂದೂ ಸೌಂದರ್ಯವನ್ನು ಅದಕ್ಕೆ ಪರಿಹಾರವೆಂದೂ ಎಣಿಸಿದ್ದೀರಿ. ನನ್ನ ಮುಖ್ಯ ತಕರಾರು ಇದೇ. ಸುಮಾರು 160 ನಿಮಿಷಗಳ ಈ ಚಿತ್ರದಲ್ಲಿರುವುದು 140ರ ಆಸುಪಾಸಿನ ಶಾಟ್‌ಗಳು, ಅಂದರೆ ಒಂದೊಂದೂ ಸರಾಸರಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಅಷ್ಟು ಹೊತ್ತಿನಲ್ಲಿ ನೋಡುಗನಿಗೆ ಏನಾಗುತ್ತದೆ ಎಂಬುದನ್ನು ಬರೆಯದೆ ಈ ಚಿತ್ರದ ಚೆಲುವಿನ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ.

ಟ್ರಾಲಿಯ ದೃಶ್ಯವನ್ನೇ ನೋಡಿ. ದಾರಿ ತೋರುವ ಸ್ಟಾಕರ್, ಒಬ್ಬ ಲೇಖಕ, ಒಬ್ಬ ಪ್ರಾಧ್ಯಾಪಕ, ಈ ಮೂವರು ಪೊಲೀಸ್ ಕಾವಲನ್ನು ತಪ್ಪಿಸಿ, ಹಳಿಯ ಮೇಲೆ ಓಡುವ ಪುಟ್ಟ ಮೋಟಾರು ಟ್ರಾಲಿಯಲ್ಲಿ ಇಚ್ಛೆಯನ್ನು ಈಡೇರಿಸುವ ಕೋಣೆಯೊಂದಿರುವ ನಿಷೇಧಿತ ‘ವಲಯ’ದ ಕಡೆಗೆ ಹೊರಡುತ್ತಾರೆ. ಕ್ಯಾಮೆರಾ ಮುಂದಿನ ದಾರಿಯ ಗೊಡವೆಗೆ ಹೋಗದೆ ಅವರ ಕೆನ್ನೆ, ಕಿವಿ, ತಲೆಯ ಹಿಂಭಾಗಗಳನ್ನೇ ಹತ್ತಿರದಿಂದ ನೋಡುತ್ತಿರುತ್ತದೆ, ಅವುಗಳ ಆಚೆಗೆ ಪಾಳುಬಿದ್ದ ಜಾಗ ಕಂದು ಛಾಯೆಯಲ್ಲಿ ಮಸುಕಾಗಿ ಸರಿಯುತ್ತದೆ. ಗಾಲಿಯ ಕಟಕಟ ಸದ್ದು ಮೊದಮೊದಲು ಬರಿಯ ಸದ್ದು. ಸಂಗೀತ ನೀಡಿದ ಎಡ್ವರ್ಡ್ ಆರ್ತೆಮ್ಯೇವ್ ಅದರೊಳಗೆ ಎಲೆಕ್ಟ್ರಾನಿಕ್ ನಾದವನ್ನು ಎಷ್ಟು ಮೆಲ್ಲಗೆ ಬೆರೆಸುತ್ತಾರೆಂದರೆ, ಸದ್ದು ಎಲ್ಲಿ ಬದಲಾಯಿತೆಂಬುದು ಕಿವಿಗೆ ಸಿಗುವುದಿಲ್ಲ. ಹೀಗೆ ಕೆಲವು ನಿಮಿಷ ಕಳೆದ ಮೇಲೆ ಒಂದೇ ಕಟ್‌ನಲ್ಲಿ ಕಂದು ಹೋಗಿ ಹಸಿರು ಬರುತ್ತದೆ. ಅಷ್ಟು ಹೊತ್ತು ಆ ಕಂದಿನಲ್ಲಿ ಕೂತವನಿಗಷ್ಟೇ ಆ ಹಸಿರು ಹಾಗೆ ತಟ್ಟುತ್ತದೆ. ನೀವೋ, ‘ಟ್ರಾಲಿಯ ದೃಶ್ಯವಂತೂ ಮರೆಯಲಾಗದ್ದು’ ಎಂದು ಮುಂದೆ ನಡೆದಿದ್ದೀರಿ.

ಚಿತ್ರದ ಗತಿಯನ್ನು ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ವಿಲಂಬಿತಕ್ಕೆ, ಅಂದರೆ ನಿಧಾನ ಲಯದ ಗಾಯನಕ್ಕೆ, ಹೋಲಿಸಿದ್ದೀರಿ. ಹೋಲಿಕೆ ನನಗೆ ಹಿಡಿಸಿತು, ಆದರೆ ಧಾರವಾಡದ ಓದುಗರು ನಿಮ್ಮನ್ನು ಅಲ್ಲಿಯೇ ತಡೆದು ಕೇಳುತ್ತಾರೆ. ಮನ್ಸೂರರ ಜೈಪುರ-ಅತ್ರೌಲಿ ಘರಾಣೆಯ (ಗಾಯನ ಪರಂಪರೆಯ) ವಿಲಂಬಿತ ಅಷ್ಟು ನಿಧಾನದ್ದಲ್ಲ. ಒಂದೊಂದೇ ಸ್ವರದ ಮೇಲೆ ನಿಂತು ರಾಗವನ್ನು ಬೆಳೆಸುವ ಬಢತ್ ಬೇಕೆಂದರೆ ಕಿರಾಣಾ ಘರಾಣೆಗೆ, ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ಗಾಯನಕ್ಕೆ ಹೋಗಬೇಕು. ಅಲ್ಲಿಯೂ ತಬಲಾದ ಠೇಕಾ, ಅಂದರೆ ತಾಳವನ್ನು ಹಿಡಿದಿಡುವ ನುಡಿತ, ಒಳಗೊಳಗೇ ನಡೆದಿರುತ್ತದೆ, ತಾಳದ ಆವರ್ತ ಮೊದಲಾಗುವ ಸಮ್ ಬರುವುದನ್ನು ಕೇಳುಗ ಕಾಯುತ್ತಿರುತ್ತಾನೆ. ಹಾಗಾದರೆ ಈ ಚಿತ್ರದಲ್ಲಿ ಠೇಕಾದ ಕೆಲಸವನ್ನು ಯಾವುದು ಮಾಡುತ್ತದೆ? ನನ್ನ ಮಟ್ಟಿಗೆ, ಬಟ್ಟೆಯ ಚೂರು ಕಟ್ಟಿದ ಆ ಕಬ್ಬಿಣದ ನಟ್ಟುಗಳು. ಸ್ಟಾಕರ್ ಒಂದನ್ನು ಎಸೆಯುತ್ತಾನೆ, ಅದು ಬಿದ್ದ ಕಡೆಗೆ ಮೂವರೂ ನಡೆಯುತ್ತಾರೆ, ನಿಲ್ಲುತ್ತಾರೆ, ಮತ್ತೆ ಎಸೆಯುತ್ತಾನೆ. ಅಪಾಯವೇನೆಂದು ಚಿತ್ರ ತೋರಿಸುವುದೇ ಇಲ್ಲ, ಆದರೂ ಬರಿಯ ಹುಲ್ಲುಗಾವಲಿನಲ್ಲಿ ಹೆಜ್ಜೆಯಿಡಲು ನಾವು ಹೆದರುತ್ತೇವೆ. ನಿಮ್ಮ ಉತ್ತರ ಬೇರೆಯಿರಬಹುದು, ಆದರೆ ಉತ್ತರವೊಂದು ಲೇಖನದಲ್ಲಿ ಇರಲೇಬೇಕು.

ತಿದ್ದಲೇಬೇಕಾದ ತಪ್ಪೊಂದಿದೆ. ನೀವು ಬರೆದಂತೆ ಇದು ಚೆರ್ನೋಬಿಲ್ ಅಣುಸ್ಥಾವರ ದುರಂತದ ಕಥೆಯಲ್ಲ. ಚಿತ್ರ 1979ರದು, ದುರಂತ 1986ರದು. ಚಿತ್ರೀಕರಣದ ಬಹುಭಾಗ ನಡೆದದ್ದು ಎಸ್ಟೋನಿಯಾದ ತಾಲಿನ್ ಸುತ್ತಮುತ್ತ. ಮೂಲ ಕಾದಂಬರಿ ಸೋವಿಯತ್ ಲೇಖಕರಾದ ಸ್ತ್ರುಗಾತ್ಸ್ಕಿ ಸಹೋದರರದು, ಚಿತ್ರಕಥೆಯಲ್ಲಿಯೂ ಅವರದೇ ಹೆಸರಿದೆ. ಅನ್ಯಗ್ರಹದವರು ಬಂದುಹೋದದ್ದು ಕಾದಂಬರಿಯಲ್ಲಿ ಖಚಿತ. ಚಿತ್ರವು ಅದನ್ನು ಆರಂಭದ ಬರಹದಲ್ಲಿ ಪ್ರಶ್ನೆಯಾಗಿ ಕೇಳಿ ಬಿಟ್ಟುಬಿಡುತ್ತದೆ. ಇದು ವಿಜ್ಞಾನ ಕಥೆಯೇ ಅಲ್ಲವೆನ್ನುವ ಮುನ್ನ ಈ ವ್ಯತ್ಯಾಸವನ್ನು ನೀವು ನೋಡಬೇಕಿತ್ತು.

ವಲಯದ ಹೊರಗೆ ಕಂದು, ಒಳಗೆ ಬಣ್ಣ ಎಂದೂ ಬರೆದಿದ್ದೀರಿ. ಬಹುಮಟ್ಟಿಗೆ ನಿಜ, ಆದರೆ ನಿಯಮ ಮುರಿಯುವ ಜಾಗಗಳೇ ಮುಖ್ಯ. ಕೊನೆಯಲ್ಲಿ, ವಲಯದಿಂದ ಹಿಂದಿರುಗಿದ ಮೇಲೆ, ಸ್ಟಾಕರ್ ತನ್ನ ಮಗಳನ್ನು ಹೆಗಲ ಮೇಲೆ ಹೊತ್ತು ನಡೆಯುವ ದೃಶ್ಯ ಬಣ್ಣದಲ್ಲಿದೆ. ಅವಳು ಮೇಜಿನ ಮೇಲಿನ ಗಾಜಿನ ಲೋಟಗಳನ್ನು ಬರಿಯ ನೋಟದಿಂದ ಸರಿಸುವ ದೃಶ್ಯವೂ ಬಣ್ಣದಲ್ಲಿದೆ. ಇಚ್ಛೆಯನ್ನು ಈಡೇರಿಸುವ ಕೋಣೆಯ ಬಾಗಿಲಿನವರೆಗೆ ಹೋದ ಮೂವರೂ ಒಳಗೆ ಕಾಲಿಡದೆ ಮರಳಿರುವಾಗ, ಈ ಬಣ್ಣ ಮನೆಯಲ್ಲಿರುವ ಮಗುವಿಗೆ ಏಕೆ ಸಲ್ಲುತ್ತದೆ? ನಿಮ್ಮ ಲೇಖನ ಇಲ್ಲಿಂದಲೇ ಹೊರಡಬಹುದಿತ್ತು.

ಲೇಖನದ ಜೊತೆಗಿನ ಪತ್ರದಲ್ಲಿ, ಅರ್ಧಕ್ಕೆ ಬೇಸತ್ತು ಚಿತ್ರವನ್ನು ನಿಲ್ಲಿಸಿದ್ದಾಗಿಯೂ ಮರುದಿನ ತಡೆಯಲಾಗದೆ ಮತ್ತೆ ಹಚ್ಚಿದ್ದಾಗಿಯೂ ತಿಳಿಸಿದ್ದೀರಿ. ಇಡೀ ಲೇಖನಕ್ಕಿಂತ ಆ ಸಾಲುಗಳಲ್ಲಿ ಹೆಚ್ಚು ಜೀವವಿದೆ. ಅವನ್ನು ಮುಚ್ಚಿಡದೆ ಲೇಖನದೊಳಗೆ ತನ್ನಿ. ಯಾವ ಶಾಟ್‌ನಲ್ಲಿ ಬೇಸರ ಬಂತು, ಯಾವುದು ಮರಳಿ ಎಳೆಯಿತು ಎಂಬುದನ್ನು ಬರೆಯಿರಿ. ನಿರ್ದೇಶಕರ ಜೀವನಚರಿತ್ರೆಯ ಭಾಗವನ್ನು ಪೂರ್ತಿ ತೆಗೆದುಹಾಕಿ. ಚಿತ್ರವನ್ನು ಇನ್ನೊಮ್ಮೆ ನೋಡಿ, ಟ್ರಾಲಿಯ ದೃಶ್ಯವನ್ನೋ ಮಗಳ ದೃಶ್ಯವನ್ನೋ ಆರಿಸಿಕೊಂಡು, ಅದರ ಸುತ್ತಲೇ 1,200 ಪದಗಳೊಳಗೆ ಹೊಸದಾಗಿ ಬರೆದು ಕಳಿಸಿ. ಬಂದ ಕೂಡಲೇ ಓದಿ ಉತ್ತರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ
ಧಾರವಾಡ