ಪ್ರವಾಸ ಪ್ರಶ್ನೋತ್ತರ: ಕಡಿಮೆ ಖರ್ಚಿನಲ್ಲಿ ಬೇಸ್‌ಬಾಲ್ ಮೈದಾನಗಳ ಸುತ್ತು

ಪ್ರಶ್ನೆ: ಮಗ, ಸೊಸಿ ಶಿಕಾಗೋದಾಗ ಇದ್ದಾರ. ಜುಲೈದಾಗ ನಾವಿಬ್ಬರೂ ಹೊಂಟೀವಿ. ಮಗನಿಗೆ ಬೇಸ್‌ಬಾಲ್ ಹುಚ್ಚು. ಎಂಟತ್ತು ದಿನ ಕಾರಿನಾಗ ನಾಲ್ಕೈದು ಸ್ಟೇಡಿಯಂ ತೋರಿಸ್ತೀನಿ ಅಂತಾನ. ರೊಕ್ಕ ಭಾಳ ಹೋಗಬಾರದು. ಹ್ಯಾಂಗ ಪ್ಲ್ಯಾನ್ ಮಾಡಬೇಕು?
(ಓದುಗರು, ಕಲಬುರಗಿ)

ಉತ್ತರ: ಮೊದಲು ನಕ್ಷೆ ತೆರೆಯಬೇಡಿ, ಪಂದ್ಯಗಳ ವೇಳಾಪಟ್ಟಿ ತೆರೆಯಿರಿ. ಅಮೆರಿಕದ ಅಗ್ರ ಲೀಗಿನ ಪ್ರತಿ ತಂಡಕ್ಕೆ ಋತುವಿನಲ್ಲಿ 162 ಪಂದ್ಯ, ಅದರಲ್ಲಿ 81 ಮಾತ್ರ ತವರಿನಲ್ಲಿ. ತಂಡ ಒಂದು ವಾರ ಊರಲ್ಲಿದ್ದರೆ ಮುಂದಿನ ವಾರ ಹೊರಗೆ. ದಾರಿ ಮೊದಲೇ ಗೊತ್ತುಮಾಡಿ ಹೊರಟವರು ಊರು ಮುಟ್ಟಿ ಖಾಲಿ ಮೈದಾನದ ಗೇಟ್ ನೋಡಿ ಬರುತ್ತಾರೆ.

ಶಿಕಾಗೋದಿಂದ ಪೂರ್ವಕ್ಕೆ ಒಂದು ಸುತ್ತು ಚೆನ್ನಾಗಿ ಕೂಡುತ್ತದೆ: ಡೆಟ್ರಾಯಿಟ್ 450 ಕಿ.ಮೀ., ಅಲ್ಲಿಂದ ಕ್ಲೀವ್‌ಲ್ಯಾಂಡ್ 275, ಪಿಟ್ಸ್‌ಬರ್ಗ್ 215 (ಹೆಚ್ಚುಕಡಿಮೆ ಕಲಬುರಗಿಯಿಂದ ಹೈದರಾಬಾದ್‌ಗೆ ಹೋದಷ್ಟು), ಸಿನ್ಸಿನಾಟಿ 465, ಮರಳಿ ಶಿಕಾಗೋ 480. ಒಟ್ಟು ಸುಮಾರು 1,885 ಕಿ.ಮೀ. ಗ್ಯಾಲನ್‌ಗೆ 30 ಮೈಲಿ ಕೊಡುವ ಕಾರಿಗೆ 39 ಗ್ಯಾಲನ್, ಅಂದರೆ 148 ಲೀಟರ್ ಪೆಟ್ರೋಲ್ ಬೇಕು. ಅಂದಿನ ದರದಿಂದ ಗುಣಿಸಿಕೊಳ್ಳಿ. ನಾಲ್ಕು ಜನ ಹಂಚಿಕೊಂಡರೆ ಇದು ದೊಡ್ಡ ಮೊತ್ತವಲ್ಲ; ಜೇಬು ಹರಿಯುವುದು ಹೋಟೆಲ್ ಮತ್ತು ಪಾರ್ಕಿಂಗಿನಲ್ಲಿ.

ಒಂದು ಹಾಳೆಯಲ್ಲಿ ದಿನಾಂಕಗಳನ್ನು ಅಡ್ಡಕ್ಕೆ, ಐದು ಊರುಗಳನ್ನು ಉದ್ದಕ್ಕೆ ಬರೆದು ತವರು ಪಂದ್ಯ ಇರುವ ಮನೆಗಳಿಗೆ ಗುರುತು ಹಾಕಿ. ಅತಿ ಕಡಿಮೆ ಗುರುತು ಬಿದ್ದ ಊರನ್ನು ಮೊದಲು ಗಟ್ಟಿ ಮಾಡಿ, ಉಳಿದವನ್ನು ಅದರ ಸುತ್ತ ಹೊಂದಿಸಿ. ಸುತ್ತನ್ನು ತಿರುಗುಮುರುಗು ಮಾಡಿದರೂ ದೂರ ಅಷ್ಟೇ. ಶಿಕಾಗೋ ಕೊನೆಗಿರಲಿ. ಅಲ್ಲಿ ಎರಡು ತಂಡಗಳಿವೆ. ಕಬ್ಸ್ ಹೊರಗಿದ್ದಾಗ ಸಾಮಾನ್ಯವಾಗಿ ವೈಟ್ ಸಾಕ್ಸ್ ಊರಲ್ಲಿರುತ್ತದೆ. ಎರಡೂ ಮೈದಾನಕ್ಕೆ ರೆಡ್ ಲೈನ್ ರೈಲಿದೆ: ಕಬ್ಸ್ ಆಡುವ 1914ರ ರಿಗ್ಲಿ ಫೀಲ್ಡ್‌ಗೆ ಅಡಿಸನ್ ನಿಲ್ದಾಣ, ಇನ್ನೊಂದಕ್ಕೆ ಸಾಕ್ಸ್-35ನೇ ಬೀದಿ ನಿಲ್ದಾಣ. ಅಲ್ಲಿಗೆ ಕಾರು ಒಯ್ಯುವುದು ದಡ್ಡತನ.

ಜುಲೈ ಮಧ್ಯದಲ್ಲಿ ಆಲ್-ಸ್ಟಾರ್ ಬಿಡುವು (ಆಯ್ದ ಆಟಗಾರರ ಪ್ರದರ್ಶನ ಪಂದ್ಯಕ್ಕಾಗಿ) ಬರುತ್ತದೆ. ಸೋಮವಾರದಿಂದ ನಾಲ್ಕು ದಿನ ಹೆಚ್ಚುಕಡಿಮೆ ಎಲ್ಲ ಮೈದಾನಗಳೂ ಖಾಲಿ. ವಿಮಾನ ಟಿಕೆಟ್ ತೆಗೆಸುವ ಮುನ್ನವೇ ಆ ವರ್ಷದ ದಿನಾಂಕ ನೋಡಿಕೊಳ್ಳಿ.

ತಂಡಗಳು ಸಾಮಾನ್ಯವಾಗಿ ಒಂದೇ ಎದುರಾಳಿಯೊಂದಿಗೆ ಮೂರು ದಿನ ಆಡುತ್ತವೆ. ಕೊನೆಯ ದಿನ ವಾರದ ನಡುವೆ ಬಂದರೆ ಪಂದ್ಯ ಬಹಳ ಸಲ ಮಧ್ಯಾಹ್ನವೇ ಇರುತ್ತದೆ, ಏಕೆಂದರೆ ಸಂಜೆ ತಂಡ ಮುಂದಿನ ಊರಿಗೆ ಹೊರಡಬೇಕು. ನೀವೂ ಹಾಗೇ ಮಾಡಿ. 2023ರಲ್ಲಿ ಎಸೆತಕ್ಕೆ ಗಡಿಯಾರ (ಇಷ್ಟೇ ಸೆಕೆಂಡಿನಲ್ಲಿ ಚೆಂಡು ಎಸೆಯಬೇಕೆಂಬ ನಿಯಮ) ಬಂದ ಮೇಲೆ ಪಂದ್ಯ ಸರಾಸರಿ ಎರಡು ತಾಸು 40 ನಿಮಿಷದಲ್ಲಿ ಮುಗಿಯುತ್ತಿದೆ. ಒಂದಕ್ಕೆ ಕೂತರೆ ನಾಲ್ಕಕ್ಕೆ ಹೆದ್ದಾರಿ ಹಿಡಿಯಬಹುದು. ಆದರೆ ಗಡಿಯಾರದ ಲೆಕ್ಕ ತಪ್ಪಬೇಡಿ: ಡೆಟ್ರಾಯಿಟ್ ಸೇರಿ ಹೊರಗಿನ ನಾಲ್ಕೂ ಊರುಗಳು ಶಿಕಾಗೋಗಿಂತ ಒಂದು ತಾಸು ಮುಂದೆ. ಬೆಳಿಗ್ಗೆ ಶಿಕಾಗೋ ಬಿಟ್ಟು ಅದೇ ಮಧ್ಯಾಹ್ನದ ಪಂದ್ಯಕ್ಕೆ ಮುಟ್ಟುತ್ತೇವೆ ಎಂದುಕೊಂಡವರು ಕೆಡುವುದು ಇಲ್ಲೇ.

ಮಳೆ ಬಂದು ಪಂದ್ಯ ಮುಂದೆ ಹೋದರೆ ನಿಮ್ಮ ಟಿಕೆಟ್ ಸಾಮಾನ್ಯವಾಗಿ ಹೊಸ ದಿನಾಂಕಕ್ಕೆ ಸಲ್ಲುತ್ತದೆ, ದುಡ್ಡು ಕೈಗೆ ಬರುವುದಿಲ್ಲ. ಆ ಹೊತ್ತಿಗೆ ನೀವು ಮುಂದಿನ ಊರಲ್ಲಿರುತ್ತೀರಿ. ಹತ್ತು ದಿನದಲ್ಲಿ ಒಂದು ದಿನವನ್ನಾದರೂ ಖಾಲಿ ಬಿಡಿ, ರದ್ದು ಮಾಡಲು ಬರುವ ರೂಮನ್ನೇ ತೆಗೆದುಕೊಳ್ಳಿ. ಮಳೆಯ ಭಯ ಬೇಡವೆಂದರೆ ಶಿಕಾಗೋದಿಂದ 145 ಕಿ.ಮೀ. ಉತ್ತರದ ಮಿಲ್ವಾಕಿ ಇದೆ. ಅಲ್ಲಿ ಮುಚ್ಚಿ ತೆರೆಯುವ ಚಾವಣಿ; ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು.

ರೂಮು ಊರ ನಡುವೆ ಬೇಡ. ಹೆದ್ದಾರಿ ಪಕ್ಕ, 15–20 ಕಿ.ಮೀ. ಹೊರಗೆ, ಎರಡು ದೊಡ್ಡ ಮಂಚಗಳ, ಬೆಳಗಿನ ತಿಂಡಿ ಸೇರಿದ ಒಂದೇ ರೂಮು ನಾಲ್ವರಿಗೆ ಸಾಕು. ಪಿಟ್ಸ್‌ಬರ್ಗ್‌ನಲ್ಲಿ ಕಾರನ್ನು ಡೌನ್‌ಟೌನ್‌ನಲ್ಲಿ ನಿಲ್ಲಿಸಿ. ಅಲ್ಲಿಂದ ನದಿಯಾಚೆ ಮೈದಾನದ ಹತ್ತಿರವಿರುವ ನಾರ್ತ್ ಸೈಡ್ ನಿಲ್ದಾಣದವರೆಗೆ ‘ಟಿ’ ರೈಲು ಪುಕ್ಕಟೆ. ನಡೆಯುವ ಮನಸ್ಸಿದ್ದರೆ ಪಂದ್ಯದ ದಿನ ವಾಹನ ಬಂದ್ ಆಗುವ ಕ್ಲೆಮೆಂಟೆ ಸೇತುವೆ ಇನ್ನೂ ಚೆಂದ.

ಪ್ರಶ್ನೆ: ಟಿಕೆಟ್ ಮೊದಲೇ ತಗೋಬೇಕೋ, ಕಡೀಗೋ? ಬಿಸಿಲಿಗೆ ಹೆದರುವವರು ಎಲ್ಲಿ ಕೂಡಬೇಕು?
(ಓದುಗರು, ಬೀದರ್)

ಉತ್ತರ: ಶನಿವಾರ, ಭಾನುವಾರ ಮತ್ತು ರಿಗ್ಲಿ ಫೀಲ್ಡ್‌ಗೆ ಮೊದಲೇ. ಮಂಗಳವಾರ, ಬುಧವಾರಕ್ಕೆ ಕಾಯಿರಿ. ಮರುಮಾರಾಟದ ಆ್ಯಪ್‌ಗಳಲ್ಲಿ ಪಂದ್ಯದ ದಿನ ಬೆಲೆ ಇಳಿಯುವುದೇ ಹೆಚ್ಚು. ಟಿಕೆಟ್ ಫೋನಿನಲ್ಲೇ ಇರುತ್ತದೆ, ಗೇಟಿನ ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಹೊರಡುವ ಮುಂಚೆಯೇ ಫೋನಿನ ವ್ಯಾಲೆಟ್‌ಗೆ ಸೇರಿಸಿಕೊಳ್ಳಿ.

ನೆರಳಿಗೆ ಮೂರನೇ ಬೇಸ್ ಬದಿ (ಮೈದಾನದತ್ತ ನೋಡುವ ಬ್ಯಾಟುಗಾರನ ಎಡಗೈ ಕಡೆ), ಮೇಲಿನ ಹಂತದ ಕೆಳಗಿರುವ ಹಿಂದಿನ ಸಾಲುಗಳು. ಬ್ಯಾಟುಗಾರ ನೋಡುವ ದಿಕ್ಕು ಪೂರ್ವ-ಈಶಾನ್ಯವಿರಲಿ ಎಂದು ಆಟದ ನಿಯಮವೇ ಸೂಚಿಸುತ್ತದೆ. ಹಾಗಾಗಿ ಇಳಿಹೊತ್ತಿನ ಸೂರ್ಯ ಆ ಬದಿಯವರ ಬೆನ್ನಿಗೆ ಬೀಳುತ್ತಾನೆ. ಡೆಟ್ರಾಯಿಟ್ ಮೈದಾನ ದಕ್ಷಿಣದತ್ತ ವಾಲಿದೆ, ಅಲ್ಲಿ ಮೊದಲ ಬೇಸ್ ಬದಿ (ಬಲಗೈ ಕಡೆ) ಹಿಡಿಯಿರಿ. ಕಲಬುರಗಿ, ಬೀದರಿನ ಮೇ ತಿಂಗಳು ಕಂಡವರಿಗೆ ಅಲ್ಲಿನ ಬಿಸಿಲು ಲೆಕ್ಕಕ್ಕಿಲ್ಲ, ಆದರೂ ಮೂರು ತಾಸು ಕೂಡಬೇಕಲ್ಲ.

ಇನ್ನೂ ಅಗ್ಗ ಬೇಕೆಂದರೆ ಕೆಳ ಲೀಗಿನ ಪಂದ್ಯ ನೋಡಿ. ದಾರಿಯಲ್ಲೇ ಸೌತ್ ಬೆಂಡ್, ಟೊಲೆಡೊ ಸಿಗುತ್ತವೆ. ಅಲ್ಲಿ ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿ, ಸೋಮವಾರ ಸಾಮಾನ್ಯವಾಗಿ ರಜೆ.

ಪ್ರಶ್ನೆ: ನಾವು ಪಕ್ಕಾ ಸಸ್ಯಾಹಾರಿಗಳು. ರೊಟ್ಟಿ ಕಟ್ಟಿಕೊಂಡು ಹೋಗಬಹುದಾ?
(ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ಒಳ್ಳೆಯ ಬುತ್ತಿ ಇಲ್ಲ. ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ‘ಆಹಾರ ಇದೆ’ ಎಂದು ಹೇಳಲೇಬೇಕು, ಮುಚ್ಚಿಟ್ಟರೆ ದಂಡ. ತಾಜಾ ಹಣ್ಣು, ತರಕಾರಿ, ಬೀಜ ಒಯ್ಯಬೇಡಿ.

ಪಿಟ್ಸ್‌ಬರ್ಗ್, ರಿಗ್ಲಿ ಸೇರಿ ಹಲವು ಮೈದಾನಗಳಲ್ಲಿ ಮನೆಯ ತಿಂಡಿಯನ್ನೂ ಮುಚ್ಚಳ ತೆರೆಯದ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನೂ ಒಳಗೆ ಬಿಡುತ್ತಾರೆ. ಗಾಜು, ಕ್ಯಾನ್ ನಡೆಯುವುದಿಲ್ಲ. ಬ್ಯಾಗಿನ ಅಳತೆ ಮೈದಾನಕ್ಕೊಂದು. ಕೆಲವೆಡೆ ಬೆನ್ನಿನ ಬ್ಯಾಗನ್ನೇ ತಡೆಯುತ್ತಾರೆ. ಆಯಾ ತಂಡದ ವೆಬ್‌ಸೈಟಿನಲ್ಲಿ ಹಿಂದಿನ ದಿನ ಓದಿಕೊಳ್ಳಿ. ಒಳಗೆ ಕೊಳ್ಳುವುದಾದರೆ ಸಿಪ್ಪೆ ಸಹಿತ ಹುರಿದ ಶೇಂಗಾ ನಿಶ್ಚಿಂತೆ. ಬೀನ್ಸ್ ಹಾಕಿದ ತಿನಿಸಿನಲ್ಲಿ ಹಂದಿಕೊಬ್ಬು ಇರಬಹುದು, ಆಲೂ ಫ್ರೈಸ್ ಕರಿಯುವ ಎಣ್ಣೆಯಲ್ಲೇ ಕೋಳಿಯೂ ಕರಿದಿರಬಹುದು, ಕೇಳಿಯೇ ಕೊಳ್ಳಿ.

ಪ್ರಶ್ನೆ: ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದಾ?
(ಓದುಗರು, ಆಳಂದ)

ಉತ್ತರ: ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ: ಫಾರ್ಮ್ 4ಎ, ಪಾಸ್‌ಪೋರ್ಟ್, ವೀಸಾ ಪ್ರತಿ, ಶುಲ್ಕ 1,000 ರೂಪಾಯಿ. ಒಂದು ವರ್ಷ ನಡೆಯುತ್ತದೆ, ಆದರೆ ಮೂಲ ಕಾರ್ಡ್ ಜೊತೆಗಿರಬೇಕು. ಬಾಡಿಗೆ ಕಾರಿನ ಕೌಂಟರಿನಲ್ಲಿ ಫೋನಿನೊಳಗಿನ ಡಿಜಿಲಾಕರ್ ಪ್ರತಿಗೆ ಬೆಲೆಯಿಲ್ಲ. ಬಹಳ ಜನ ಸಿಕ್ಕಿಬೀಳುವುದು ಹೆಸರಿನಲ್ಲಿ: ಲೈಸೆನ್ಸಿನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಕ್ರೆಡಿಟ್ ಕಾರ್ಡಿನಲ್ಲಿ ಮೂರನೆಯದೇ ಒಂದು. ಮೂರನ್ನೂ ಈಗಲೇ ಟೇಬಲ್ ಮೇಲಿಟ್ಟು ನೋಡಿ. ತಿದ್ದಿಸಲು ವಾರಗಳು ಬೇಕು.