ವಿಶ್ವ ಆರೋಗ್ಯ ಸಂಸ್ಥೆಗೆ ಯಜಮಾನ ಯಾರು?

ಓದುಗರ ಪ್ರಶ್ನೆಗಳಿಗೆ ಈ ಸಲ ಮಲೆನಾಡಿನ ನಿವೃತ್ತ ತಾಲ್ಲೂಕು ಆರೋಗ್ಯಾಧಿಕಾರಿಯೊಬ್ಬರ ಉತ್ತರ

ಪ್ರಶ್ನೆ: ಡಾಕ್ಟ್ರೇ, ವಿಶ್ವ ಆರೋಗ್ಯ ಸಂಸ್ಥೆಯನ್ನು ಈಗ ನಡೆಸುತ್ತಿರುವುದು ಬಿಲ್ ಗೇಟ್ಸ್ ಅವರ ಫೌಂಡೇಶನ್ ಅಂತ ನನ್ನ ಮೈದುನ ವಾದ ಮಾಡುತ್ತಾನೆ. ಅದು ದೇಶಗಳ ಸಂಸ್ಥೆ ಅಲ್ವಾ? (ದಾವಣಗೆರೆ)

ಉತ್ತರ: ಕಾನೂನಿನಲ್ಲಿ ನೀವು ಗೆದ್ದಿರಿ, ಲೆಕ್ಕದ ಪುಸ್ತಕದಲ್ಲಿ ನಿಮ್ಮ ಮೈದುನ ಗೆಲ್ಲುತ್ತಾರೆ. ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ದೇಶಕ್ಕೊಂದು ಓಟು. ಗೇಟ್ಸ್ ಫೌಂಡೇಶನ್‌ಗೆ ಅಲ್ಲಿ ಓಟಿಲ್ಲ. ಆದರೆ 2020-21ರ ಬಜೆಟ್ ನೋಡಿ. ದೇಶಗಳು ಕಡ್ಡಾಯವಾಗಿ ಕಟ್ಟುವ ವಂತಿಗೆ ಐದನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಬಹುಪಾಲು ದೇಣಿಗೆ. ಆ ಎರಡು ವರ್ಷ ಜರ್ಮನಿ ಬಿಟ್ಟರೆ ಅತಿ ಹೆಚ್ಚು ಕೊಟ್ಟದ್ದು ಗೇಟ್ಸ್ ಫೌಂಡೇಶನ್. ಇಂಥ ದೇಣಿಗೆ ಸುಮ್ನೆ ಬರುವುದಿಲ್ಲ. ಇದು ಈ ರೋಗಕ್ಕೆ, ಇದು ಈ ಕಾರ್ಯಕ್ರಮಕ್ಕೆ ಅಂತ ಮೊದಲೇ ಹೆಸರು ಬರೆದಿರುತ್ತದೆ. ಗೇಟ್ಸ್ ದುಡ್ಡಿನಲ್ಲಿ ಪೋಲಿಯೊ ಪಾಲೇ ಜಾಸ್ತಿ.

ಹೆಸರು ಬರೆದ ದುಡ್ಡು ತಾಲ್ಲೂಕಿನಲ್ಲಿ ಹೇಗೆ ಕಾಣುತ್ತದೆ ಹೇಳುತ್ತೇನೆ. 15 ವರ್ಷದೊಳಗಿನ ಮಗುವಿನ ಕೈಯೋ ಕಾಲೋ ದಿಢೀರನೆ ಸೋತರೆ ಪೋಲಿಯೊ ಇರಬಹುದೆಂದು ನಾವು ಕೂಡಲೇ ವರದಿ ಮಾಡಬೇಕು. 14 ದಿನದೊಳಗೆ, 24 ಗಂಟೆ ಬಿಟ್ಟು ಎರಡು ಸಲ ಮಲದ ಸ್ಯಾಂಪಲ್ ತೆಗೆಯಬೇಕು. ಐಸ್‌ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಅದು ಲ್ಯಾಬ್ ಸೇರಬೇಕು. ಒಂದು ಫೋನ್ ಸಾಕಿತ್ತು: ಡಬ್ಬಿ ಬರುತ್ತಿತ್ತು, ಗಾಡಿ ಬರುತ್ತಿತ್ತು, ಹಿಂದೆಯೇ ಸರ್ವೇಲೆನ್ಸ್ ಆಫೀಸರ್ ಬಂದು ಮಗುವಿನ ತಾಯಿಯನ್ನೂ ಮಾತಾಡಿಸುತ್ತಿದ್ದರು. ಅದೇ ವಾರ ಸೊಪ್ಪಿನ ಬೆಟ್ಟದಲ್ಲಿ ಮಂಗ ಸತ್ತಿದೆ, ಮಂಗನ ಕಾಯಿಲೆ ಇರಬಹುದು ಅಂತ ಸುದ್ದಿ ಬಂದರೆ? ಜೀಪಿನ ಡೀಸೆಲ್ ಬಿಲ್ಲಿಗೆ ಯಾರು ಸಹಿ ಹಾಕಬೇಕು ಎನ್ನುವುದರಲ್ಲೇ ನಮ್ಮ ಕಚೇರಿಯಲ್ಲಿ ಮಧ್ಯಾಹ್ನವಾಗುತ್ತಿತ್ತು.

ಪೋಲಿಯೊ ಹೋಯಿತು, ಅದನ್ನು ಹೊಗಳಲೇಬೇಕು. 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡ ಮಗುವಿನ ನಂತರ ಭಾರತದಲ್ಲಿ ಕಾಡು ಪೋಲಿಯೊ ವೈರಸ್ಸಿನ ಪ್ರಕರಣ ಇಲ್ಲ. ಮಂಗ ಸತ್ತ ಊರಿಗೆ ಅಂಥ ದಾನಿ ಇರಲಿಲ್ಲ, ಅಷ್ಟೆ.

ಯಜಮಾನಿಕೆ ನೋಡಲೇಬೇಕೆಂದರೆ ಮೈದುನನಿಗೆ ಗ್ಯಾವಿಯನ್ನು ತೋರಿಸಿ. ಬಡದೇಶಗಳಿಗೆ ಲಸಿಕೆ ಒದಗಿಸಲು 2000ದಲ್ಲಿ ಗೇಟ್ಸ್ ಅವರ 75 ಕೋಟಿ ಡಾಲರ್ ಭರವಸೆಯೊಂದಿಗೆ ಶುರುವಾದ ಒಕ್ಕೂಟ ಅದು. ಅದರ ಆಡಳಿತ ಮಂಡಳಿಯಲ್ಲಿ ದೇಶಗಳು ಸರದಿ ಪ್ರಕಾರ ಬಂದು ಹೋಗುತ್ತವೆ. ಗೇಟ್ಸ್ ಫೌಂಡೇಶನ್ನಿನ ಕುರ್ಚಿ ಕಾಯಂ. ವಿಶ್ವ ಆರೋಗ್ಯ ಸಂಸ್ಥೆಯ ಒಳಗೂ ಗೇಟ್ಸ್ ದುಡ್ಡಿನ ಪ್ರಭಾವದ ಬಗ್ಗೆ ಗೊಣಗಾಟ ಇತ್ತು. ಅಲ್ಲಿನ ಮಲೇರಿಯಾ ವಿಭಾಗದ ಮುಖ್ಯಸ್ಥ ಅರಾಟಾ ಕೋಚಿ ಮೇಲಿನವರಿಗೆ ಬರೆದ ಟಿಪ್ಪಣಿ 2008ರಲ್ಲಿ ಪತ್ರಿಕೆಗೆ ಸಿಕ್ಕಿತು. ದೊಡ್ಡ ಮಲೇರಿಯಾ ವಿಜ್ಞಾನಿಗಳೆಲ್ಲ ಒಂದೇ ಫೌಂಡೇಶನ್ನಿನ ದುಡ್ಡಿನಲ್ಲಿದ್ದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ನಿಷ್ಠುರವಾಗಿ ತೂಗುವುದು ಹೇಗೆ ಅನ್ನುವುದು ಅವರ ದೂರು. ನನಗೆ ಅದು ನ್ಯಾಯವಾದ ದೂರು ಅನ್ನಿಸುತ್ತದೆ.

ಪ್ರಶ್ನೆ: ಇಂಥ ಫೌಂಡೇಶನ್‌ಗಳ ಕೆಲಸದಲ್ಲಿ ತಪ್ಪಾದರೆ ಯಾರನ್ನು ಕೇಳಬೇಕು? (ಬಳ್ಳಾರಿ)

ಉತ್ತರ: ಖಮ್ಮಂನ ತಂದೆತಾಯಿಯರೂ ಇದನ್ನೇ ಕೇಳಿದ್ದು. 2009ರಲ್ಲಿ ಗೇಟ್ಸ್ ಫೌಂಡೇಶನ್ ದುಡ್ಡಿನಲ್ಲಿ, ಪಾಥ್ ಎಂಬ ಅಮೆರಿಕದ ಸಂಸ್ಥೆಯ ಮೂಲಕ, ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಕೆಲವು ಮಕ್ಕಳು ತೀರಿಕೊಂಡ ಸುದ್ದಿ ಬಂದು 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಸಾವಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಾಣಲಿಲ್ಲ. ಕಂಡದ್ದು ಬೇರೆ: ಎಷ್ಟೋ ಒಪ್ಪಿಗೆ ಪತ್ರಗಳಿಗೆ ತಂದೆತಾಯಿ ಬದಲು ಹಾಸ್ಟೆಲ್ ವಾರ್ಡನ್ ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸಮಿತಿ ಪಾಥ್ ಸಂಸ್ಥೆಯನ್ನೂ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ನಮ್ಮ ಐಸಿಎಂಆರ್ ಅನ್ನೂ ತರಾಟೆಗೆ ತೆಗೆದುಕೊಂಡಿತು. ಲಸಿಕೆ ಒಳ್ಳೆಯದೇ, ನನ್ನ ಮೊಮ್ಮಗಳಿಗೂ ಹಾಕಿಸಿದ್ದೇವೆ. ಆದರೆ ಆ ವಾರ್ಡನ್ನಿಗೆ ಪೆನ್ನು ಕೊಟ್ಟವರು ಯಾರು ಅಂತ ಕೇಳಲು ನಮಗೊಂದು ಸಂಸತ್ತಾದರೂ ಇತ್ತು. ಅಮೆರಿಕದ ಸಿಯಾಟಲ್‌ನಲ್ಲಿರುವ ಗೇಟ್ಸ್ ಫೌಂಡೇಶನ್ನಿನ ಟ್ರಸ್ಟಿಗಳನ್ನು ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇವೆ ಅನ್ನಲಾಗದು.

ಪ್ರಶ್ನೆ: ಲಸಿಕೆಯಲ್ಲಿ ಗೇಟ್ಸ್ ಚಿಪ್ ಇಟ್ಟಿದ್ದಾರಂತೆ? (ಬೆಂಗಳೂರು)

ಉತ್ತರ: ಇಲ್ಲ.

ಪ್ರಶ್ನೆ: ಮಂಗನ ಕಾಯಿಲೆ ಪತ್ತೆ ಮಾಡಿದ್ದೂ ಅಮೆರಿಕದ ದುಡ್ಡೇ ಅಂತ ಕೇಳಿದೆ. ಹಾಗಾದರೆ ಈಗ ಅದಕ್ಕೆ ಲಸಿಕೆ ಯಾಕಿಲ್ಲ? (ಸಿದ್ದಾಪುರ)

ಉತ್ತರ: ಕೇಳಿದ್ದು ನಿಜ. 1952ರಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ಮತ್ತು ಐಸಿಎಂಆರ್ ಸೇರಿ ಪುಣೆಯಲ್ಲಿ ವೈರಸ್ ಲ್ಯಾಬ್ ತೆರೆದವು. ಸೊಳ್ಳೆ, ಉಣುಗುಗಳಿಂದ ಹರಡುವ ವೈರಸ್ ಹುಡುಕಲು ರಾಕ್‌ಫೆಲ್ಲರ್‌ನವರು ಹಲವು ದೇಶಗಳಲ್ಲಿ ಇಂಥ ಲ್ಯಾಬ್ ನಡೆಸುತ್ತಿದ್ದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತಾಗ ಪುಣೆಯವರು ಓಡಿ ಬಂದರು. ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತು ಅನ್ನುವ ಭಯ. ಅದಲ್ಲ, ಹೊಸ ವೈರಸ್ ಅಂತ ಗೊತ್ತಾಯಿತು. ಆಮೇಲೆ ಆ ಫೌಂಡೇಶನ್ ತನ್ನ ಗಮನ ಬೇರೆ ಕಡೆ ಹೊರಳಿಸಿತು. ಲ್ಯಾಬ್ ನಮ್ಮದಾಯಿತು, ಅದೇ ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಅಷ್ಟು ಒಳ್ಳೆಯ ಲ್ಯಾಬ್ ಬಿಟ್ಟು ಹೋದದ್ದಕ್ಕೆ ನಾನು ಅವರನ್ನು ಬೈಯಲಾರೆ.

ಲಸಿಕೆಯ ಕಥೆಗೆ ಮಾತ್ರ ಹೊರಗಿನವರನ್ನು ದೂರಬೇಡಿ. ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯ ಶಕ್ತಿ ಕುಂದಿದ್ದು ಗೊತ್ತಿದ್ದೂ ವರ್ಷಗಟ್ಟಲೆ ಚುಚ್ಚಿದೆವು. 2022ರಲ್ಲಿ ನಿಲ್ಲಿಸಿದರು. ಕಾಯಿಲೆ ಬರುವುದು ಕಾಡಂಚಿನ ಕೆಲವೇ ಜಿಲ್ಲೆಗಳ ಕೂಲಿಯವರಿಗೆ, ರೈತರಿಗೆ. ಅಷ್ಟು ಚಿಕ್ಕ ಮಾರುಕಟ್ಟೆಗೆ ಕಂಪನಿಗಳು ತಾವಾಗಿ ಬರುವುದಿಲ್ಲ. ಐಸಿಎಂಆರ್ ಹೊಸ ಲಸಿಕೆಗೆ ಕೈಹಾಕಿದೆ. ಅಲ್ಲಿಯವರೆಗೆ ದರಗು ಗುಡಿಸಲು ಹೋಗುವ ಮುಂಚೆ ಆರೋಗ್ಯ ಕೇಂದ್ರದಲ್ಲಿ ಉಣುಗು ಕಚ್ಚದಂತೆ ತಡೆಯುವ ಡೀಪಾ ಎಣ್ಣೆ ಕೇಳಿ ಪಡೆಯಿರಿ. ಪಾದಕ್ಕಷ್ಟೇ ಅಲ್ಲ, ಮೊಣಕಾಲಿನ ಮೇಲಿನವರೆಗೂ, ಕೈಗೂ ಹಚ್ಚಿ. ಬಂದ ಮೇಲೆ ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆ ಬೇರೆ ಒಗೆಯಿರಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲು ಹೇಳಿ.