ಅಮತೆರಸುವಿಗೆ ಜಿಮ್ಮು ಏನಾಗಬೇಕು?

ಜಪಾನಿನ ಪುರಾಣದಲ್ಲಿ ಅಮತೆರಸು ಸೂರ್ಯದೇವತೆ, ಜಿಮ್ಮು ಮೊದಲ ಚಕ್ರವರ್ತಿ. ಒಂದು ಕಡೆ ಜಿಮ್ಮು ಅಮತೆರಸುವಿನ ಮೊಮ್ಮಗ ಅಂತಿದೆ, ಇನ್ನೊಂದು ಕಡೆ ಐದನೇ ತಲೆಮಾರು ಅಂತಿದೆ, ಯಾವುದು ಸರಿ ಅಂತ ಕೇಳಿದ್ದೀರಿ. ಐದನೇ ತಲೆಮಾರೇ ಸರಿ. ಮೊಮ್ಮಗ ನಿನಿಗಿ, ಸ್ವರ್ಗದಿಂದ ತಕಚಿಹೊ ಶಿಖರಕ್ಕೆ ಇಳಿದವನು. ಇವರಿಬ್ಬರನ್ನು ಬೆರೆಸುವುದರಿಂದಲೇ ಗೊಂದಲ.

ವಂಶವೃಕ್ಷವನ್ನು ಹೀಗೆ ಬರೆದುಕೊಳ್ಳಿ: ಅಮತೆರಸು, ಒಶಿಹೊಮಿಮಿ, ನಿನಿಗಿ, ಹೊಒರಿ, ಉಗಯಫುಕಿಅಎಜು, ಜಿಮ್ಮು. ತಾಯಂದಿರನ್ನು ಬಿಡಬೇಡಿ, ಕಥೆಯ ತಿರುಳು ಅಲ್ಲಿದೆ. ನಿನಿಗಿಯ ಹೆಂಡತಿ ಬೆಟ್ಟದ ದೇವರ ಮಗಳು. ಹೊಒರಿಯ ಹೆಂಡತಿ ತೊಯೊತಮ ಸಮುದ್ರದೇವನ ಮಗಳು. ಹೀಗೆ ಆಕಾಶದ ವಂಶಕ್ಕೆ ನೆಲದ, ನೀರಿನ ಒಡೆತನವೂ ಸೇರುತ್ತದೆ. ತೊಯೊತಮಳಿಗಾಗಿ ನೀರುಕಾಗೆಯ ಗರಿ ಹೊದಿಸಿ ಕಡಲತೀರದಲ್ಲಿ ಹೆರಿಗೆ ಗುಡಿಸಲು ಕಟ್ಟುತ್ತಾರೆ. ಸೂರು ಮುಗಿಯುವ ಮೊದಲೇ ನೋವು ಶುರುವಾಗುತ್ತದೆ. ನೋಡಬೇಡ ಅಂದಿದ್ದರೂ ಗಂಡ ಇಣುಕುತ್ತಾನೆ. ಒಳಗೆ ಹೊರಳಾಡುತ್ತಿದ್ದುದು ದೈತ್ಯ ಜಲಚರ, ಅದೇ ಅವಳ ನಿಜರೂಪ. ನಾಚಿದ ಆಕೆ ಮಗುವನ್ನು ಬಿಟ್ಟು ಕಡಲಿಗೆ ಮರಳುತ್ತಾಳೆ. ಆ ಮಗುವೇ ಉಗಯಫುಕಿಅಎಜು. ಅವನನ್ನು ಸಾಕಿದ ಚಿಕ್ಕಮ್ಮ, ತೊಯೊತಮಳ ತಂಗಿ ತಮಯೊರಿಯೇ ಮುಂದೆ ಅವನ ಹೆಂಡತಿ, ಜಿಮ್ಮುವಿನ ತಾಯಿ. ಪಟ್ಟಿ ತಪ್ಪುವ ಅಪಾಯ ಇಲ್ಲೇ, ಅಕ್ಕತಂಗಿಯರನ್ನು ಒಬ್ಬಳೇ ಅಂದುಕೊಂಡರೆ ಒಂದು ತಲೆಮಾರು ಬಿಟ್ಟುಹೋಗುತ್ತದೆ.

ಇನ್ನೊಂದು ಮಾತು: ಈ ಕಥೆಗಳಿರುವ ಜಪಾನಿನ ಹಳೆಯ ಗ್ರಂಥಗಳಾದ 712ರ ಕೊಜಿಕಿ, 720ರ ನಿಹೊನ್ ಶೊಕಿ ಎರಡನ್ನೂ ಒಂದೇ ಪಟ್ಟಿಗೆ ಸುರಿಯಬೇಡಿ. ನಿಹೊನ್ ಶೊಕಿ ಒಂದೇ ಘಟನೆಗೆ ಹಲವು ಪಾಠಾಂತರಗಳನ್ನು ಕೊಡುತ್ತದೆ. ಜಿಮ್ಮುವಿನ ಆಯಸ್ಸೇ ಕೊಜಿಕಿಯಲ್ಲಿ 137, ನಿಹೊನ್ ಶೊಕಿಯಲ್ಲಿ 127. ಪಟ್ಟಾಭಿಷೇಕದ ಕ್ರಿ.ಪೂ. 660 ಎಂಬ ವರ್ಷವನ್ನೂ ಇತಿಹಾಸವೆಂದು ಹಾಕಬೇಡಿ. ಅದು ಶತಮಾನಗಳ ನಂತರ ಕೂಡಿಸಿ ಕಳೆದು ಇಟ್ಟ ಲೆಕ್ಕ. 2ರಿಂದ 9ನೇ ದೊರೆಯವರೆಗೂ ಗ್ರಂಥಗಳಲ್ಲಿ ಸಿಗುವುದು ಹೆಚ್ಚುಕಡಿಮೆ ಹೆಸರು, ಹೆಂಡತಿ ಮಕ್ಕಳು, ಸಮಾಧಿಯ ವಿವರ ಮಾತ್ರ.